ಅಲ್ಯೂಮಿನಿಯಂ ಫೋಮ್‌ನಲ್ಲಿ ಬಿರುಕು ನಿಂತದ್ದು ಹೀಗೆ

ಅಲ್ಯೂಮಿನಿಯಂ ಪುಡಿಗೆ, ಕಾದಾಗ ಅನಿಲ ಬಿಟ್ಟು ಗುಳ್ಳೆ ಎಬ್ಬಿಸುವ ಟೈಟಾನಿಯಂ ಹೈಡ್ರೈಡ್ ಬೆರೆಸಿ, ಒತ್ತಿ, ಕುಲುಮೆಯಲ್ಲಿ ಕಾಯಿಸಿ ಫೋಮ್ (ಒಳಗೆಲ್ಲ ಗುಳ್ಳೆಗಳಿರುವ ಹಗುರ ಲೋಹ) ಮಾಡುತ್ತಿದ್ದೆವು. ಕೊಯ್ದು ನೋಡಿದರೆ ದುಂಡನೆಯ ಗುಳ್ಳೆಗಳ ಬದಲು ಉದ್ದುದ್ದ ಬಿರುಕುಗಳು. ಹೈಡ್ರೈಡ್ ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೇ ಹೈಡ್ರೋಜನ್ ಬಿಡತೊಡಗುತ್ತದೆ. ಅಲ್ಯೂಮಿನಿಯಂ ಕರಗುವುದು 660ಕ್ಕೆ. ಲೋಹ ಇನ್ನೂ ಗಟ್ಟಿ ಇರುವಾಗ ಅನಿಲ ನುಗ್ಗಿದರೆ ಸೀಳಲೇಬೇಕು, ಅಲ್ವಾ?

ಹೈಡ್ರೈಡ್ ಪುಡಿಯನ್ನು ಮೊದಲೇ ಗಾಳಿಯಲ್ಲಿ 480 ಡಿಗ್ರಿಗೆ 3 ಗಂಟೆ ಕಾಯಿಸಿದೆವು. (ಬೇಗ ಬೆಂಕಿ ಹತ್ತುವ ಪುಡಿ, ಸ್ವಲ್ಪ ಸ್ವಲ್ಪವೇ ಕಾಯಿಸಿ.) ಕಣಗಳ ಮೇಲೆ ಆಕ್ಸೈಡ್ ಪದರ ಕೂತು ಅನಿಲ ತಡವಾಗಿ ಹೊರಬರುತ್ತದೆ. ಜೊತೆಗೆ 7% ಸಿಲಿಕಾನ್ ಇರುವ ಮಿಶ್ರಲೋಹ ಬಳಸಿದೆವು. ಅದು 577ಕ್ಕೇ ಕರಗತೊಡಗುತ್ತದೆ. ನನ್ನ ಪ್ರಕಾರ ಎರಡೂ ಬೇಕೇ ಬೇಕು. ಬಿರುಕು ಹೋಗಿ ಗುಳ್ಳೆಗಳು ದುಂಡಗಾದವು.

ಉಬ್ಬಿದ ಕೂಡಲೇ ತಣಿಸಿ. ತಡವಾದರೆ ಕರಗಿದ ಲೋಹ ಕೆಳಗಿಳಿದು ಗುಳ್ಳೆಗಳು ಒಡೆದು ಒಂದಾಗುತ್ತವೆ.