ದೆವ್ವ ಇಲ್ಲದ ದೆವ್ವದ ಪಿಕ್ಚರ್: ಹುಳದ ಮನೆಯಲ್ಲಿ ಒಂಬತ್ತು ರಾತ್ರಿ

"ದೆವ್ವಾನೇ ತೋರಿಸಲ್ವಾ? ಮತ್ತೆ ಜನ ಯಾತಕ್ಕೆ ಹೆದರ್ತಾರೆ?"

ರೇಷ್ಮೆ ಹುಳದ ಮನೆಯಲ್ಲಿ ನಡೆಯೋ ನನ್ನ ಹಾರರ್ ಪಿಕ್ಚರ್‌ನ ಕತೆ ಕೇಳಿದವರೆಲ್ಲ ಕೇಳಿದ್ದು ಇದೊಂದೇ ಪ್ರಶ್ನೆ. ನನ್ನ ಜೊತೆ ಮದುವೆ ವಿಡಿಯೋ ಎಡಿಟ್ ಮಾಡುವ ಗೆಳೆಯನಂತೂ, "ಇದು ಹಾರರ್ ಅಲ್ಲ ಕಣೋ, ದೂರದರ್ಶನದ ಕೃಷಿ ಕಾರ್ಯಕ್ರಮ" ಅಂತ ನಕ್ಕ. ಅವನು ಚಿಂತಾಮಣಿಯ ಶೋನಲ್ಲಿ ಪಕ್ಕದವನ ಮೊಣಕೈ ಹಿಡಿದುಕೊಂಡು ಕೂತಿದ್ದನ್ನ ನಾನು ಬಾಗಿಲ ಹತ್ತಿರ ನಿಂತು ನೋಡಿದೆ. ಅದಕ್ಕೇ ಇದನ್ನ ಬರೆಯುತ್ತಿದ್ದೇನೆ. ಕ್ಯಾಮೆರಾ ಹಿಡಿಯೋದು ಹೇಗೆ ಅಂತ ಹೇಳೋಕೆ ಹೋಗಲ್ಲ, ಓದುವವರಿಗೆ ಅದು ಗೊತ್ತಿರುತ್ತೆ.

ಪಿಕ್ಚರ್ 52 ನಿಮಿಷ. ಹೆಸರು 'ಐದನೇ ಜ್ವರ'. ರೇಷ್ಮೆ ಸಾಕುವವರಿಗೆ ಹೆಸರು ಕೇಳಿದ ತಕ್ಷಣ ನಗು ಬರುತ್ತೆ. ಹುಳ ಪೊರೆ ಬಿಡೋ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತಲ್ಲ, ಅದನ್ನ ನಮ್ಮ ಕಡೆ ಜ್ವರ ಅಂತಾರೆ. ಅಂಥ ಜ್ವರ ನಾಲ್ಕೇ ಸಲ. ಐದನೆಯದು ಹುಳಕ್ಕಲ್ಲ, ಮನುಷ್ಯನಿಗೆ.

ಕತೆ ಚಿಕ್ಕದು. ರೇಷ್ಮೆ ಮನೆತನದ ಹುಡುಗಿ. ಗಂಡ ಮನೆ ಅಳಿಯನಾಗಿ ಬಂದವನು. ಅವಳಿಗೆ ನಿದ್ದೆಯಲ್ಲಿ ಎದ್ದು ನಡೆಯುವ ಕಾಯಿಲೆ. ಮೊದಲ ಸಲ ನೋಡಿದಾಗ ಗಂಡ ಹೆದರುತ್ತಾನೆ. ಎರಡನೇ ಸಲ ಹಿಂದೆಯೇ ಹೋಗುತ್ತಾನೆ. ಅವಳು ಹುಳದ ಮನೆಯಲ್ಲಿ ನಿಂತು ಯಾರದೋ ಹೆಸರು ಹೇಳುತ್ತಾಳೆ, ಆದರೆ ಅರ್ಧ ಮಾತ್ರ ಕೇಳಿಸುತ್ತೆ. ಬೆಳಗ್ಗೆ ಕೇಳಿದರೆ ಅವಳಿಗೆ ಏನೂ ನೆನಪಿಲ್ಲ. ಇನ್ನರ್ಧ ಹೆಸರು ಕೇಳಲೇಬೇಕು ಅನ್ನೋ ಹುಚ್ಚು ಅವನಿಗೆ ಹತ್ತುತ್ತೆ. ಅವಳು ನೆಮ್ಮದಿಯಾಗಿ ಮಲಗಿದ ರಾತ್ರಿ ಇವನಿಗೆ ನಿದ್ದೆ ಬರಲ್ಲ. ನಿಧಾನಕ್ಕೆ ಅವನೇ ಅವಳನ್ನು ನಡೆಸೋಕೆ ಶುರು ಮಾಡುತ್ತಾನೆ. ಭಯ ಇರೋದೆಲ್ಲ ಇಲ್ಲಿ.

ಮೊದಲ ಸ್ಕ್ರಿಪ್ಟ್ ಕಸ. ಹುಡುಗಿ ಎರಡೂ ಕೈ ಮುಂದೆ ಚಾಚಿ, ಕಣ್ಣು ಮುಚ್ಚಿ ನಡೆಯುತ್ತಿದ್ದಳು. ಅದೇ ಸೀನಿನಲ್ಲಿ ಎದೆ ಮೇಲೆ ಯಾರೋ ಕೂತ ಹಾಗಾಗಿ ಕಿರುಚೋಕೂ ಆಗದೆ ಒದ್ದಾಡುತ್ತಿದ್ದಳು. ಪರಿಚಯದ ನರರೋಗದ ಡಾಕ್ಟರೊಬ್ಬರಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ನಕ್ಕರು. "ಎರಡೂ ಉಲ್ಟಾ ಕಣ್ರೀ" ಅಂದರು. ಎದೆ ಮೇಲೆ ಕೂತ ಹಾಗಾಗೋದು ಕನಸಿನ ನಿದ್ದೆಯ ಕೊನೆಯಲ್ಲಿ. ಆಗ ಮೆದುಳು ಎಚ್ಚರ ಆಗಿರುತ್ತೆ, ಮೈ ಮಾತ್ರ ಇನ್ನೂ ಅಲ್ಲಾಡೋಕೆ ಆಗದ ಹಾಗಿರುತ್ತೆ. ನಡೆಯೋದು ಗಾಢ ನಿದ್ದೆಯಲ್ಲಿ, ಅದೂ ರಾತ್ರಿಯ ಮೊದಲ ಭಾಗದಲ್ಲೇ ಜಾಸ್ತಿ. ಆಗ ಮೈ ಎದ್ದಿರುತ್ತೆ, ಮನಸ್ಸು ಮಲಗಿರುತ್ತೆ. ಕಣ್ಣು ತೆರೆದೇ ಇರುತ್ತೆ. ಕೈ ಚಾಚಲ್ಲ, ಮಂಚ ಬಾಗಿಲು ಎಲ್ಲ ದಾಟಿಕೊಂಡು ಹೋಗ್ತಾರೆ. ಎಬ್ಬಿಸಿದರೆ ಹೆಚ್ಚಾಗಿ ತಬ್ಬಿಬ್ಬಾಗ್ತಾರೆ ಅಷ್ಟೇ.

ಅವತ್ತೇ ಅರ್ಧ ಸ್ಕ್ರಿಪ್ಟ್ ಹರಿದೆ. ಪೋಸ್ಟರಿಗೆ ಅಂತ 1781ರಲ್ಲಿ ಹೆನ್ರಿ ಫ್ಯೂಸೆಲಿ ಬರೆದ ಚಿತ್ರದ ಹಾಗೆ, ಮಲಗಿದವಳ ಎದೆ ಮೇಲೆ ಕುಳ್ಳ ಪಿಶಾಚಿ ಕೂತಿರೋದನ್ನ ಆರ್ಟಿಸ್ಟ್ ಹತ್ತಿರ ಬರೆಸಿಟ್ಟಿದ್ದೆ. ಅದೂ ಹೋಯಿತು, 2,500 ರೂಪಾಯಿ ನೀರಿಗೆ. ತೊಂಬತ್ತರ ದಶಕದಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದದ್ದು ನಮ್ಮ ತಲೆಮಾರಿನವರಿಗೆಲ್ಲ ನೆನಪಿದೆ ಅಲ್ವಾ? ಅದನ್ನೂ ಒಂದು ಸೀನಲ್ಲಿ ತುರುಕಿದ್ದೆ. ಕಿತ್ತು ಹಾಕಿದೆ. ಬಾಗಿಲ ಮೇಲೆ ಬರೆದದ್ದನ್ನ ತೋರಿಸಿದ ತಕ್ಷಣ ಜನ ಆಚೆ ನಿಂತಿರೋ ದೆವ್ವಕ್ಕೆ ಕಾಯ್ತಾರೆ. ನನಗೆ ಅವರು ಒಳಗಿರೋ ಗಂಡನ್ನ ನೋಡಬೇಕಿತ್ತು.

ಗಂಡ ಅವಳನ್ನ ನಡೆಸೋದು ಹೇಗೆ? ಮೊದಲು ನಿದ್ದೆ ಮಾತ್ರೆ ಅಂತ ಬರೆದಿದ್ದೆ. ಕೆಲವು ನಿದ್ದೆ ಮಾತ್ರೆಗಳೇ ಜನರನ್ನ ನಿದ್ದೆಯಲ್ಲಿ ಓಡಾಡಿಸುತ್ತವೆ, ಜೋಲ್ಪಿಡೆಮ್ ಡಬ್ಬಿ ಮೇಲೆ ಕಡ್ಡಾಯವಾಗಿ ಎಚ್ಚರಿಕೆ ಹಾಕಬೇಕು ಅಂತ ಅಮೆರಿಕದಲ್ಲಿ 2019ರಲ್ಲಿ ಆದೇಶ ಮಾಡಿದರು ಅಂತ ಡಾಕ್ಟರು ಹೇಳಿದರು. ಯಾವನಾದರೂ ತಲೆಕೆಟ್ಟವನು ನೋಡಿ ಮನೆಯಲ್ಲಿ ಮಾಡಿಬಿಟ್ಟರೆ ಅಂತ ಬಿಟ್ಟೆ. ಕೊನೆಗೆ ಉಳಿದದ್ದು ನಿದ್ದೆಗೆಡಿಸೋದು, ಆಮೇಲೆ ಗಂಟೆ. ಒಂದು ರಾತ್ರಿ ಏನೇನೋ ನೆಪ ಹೇಳಿ ಮಲಗೋಕೆ ಬಿಡಲ್ಲ. ಮಾರನೇ ರಾತ್ರಿ ಅವಳು ಗಾಢ ನಿದ್ದೆಗೆ ಜಾರಿದ ಮೇಲೆ ಹಸುವಿನ ಕೊರಳ ಗಂಟೆ ಒಂದೇ ಸಲ ಅಲ್ಲಾಡಿಸುತ್ತಾನೆ. ಇದು ನನ್ನ ಕಲ್ಪನೆ ಅಂದುಕೊಂಡಿದ್ದೆ. ನಿದ್ದೆಗೆಡಿಸಿ, ಆಮೇಲೆ ಸದ್ದು ಮಾಡಿ, ಲ್ಯಾಬಿನಲ್ಲಿ ಹೀಗೇ ಪರೀಕ್ಷೆ ಮಾಡಿದ್ದಾರಂತೆ. ಅದನ್ನ ಕೇಳಿದ ಮೇಲೆ ನನಗೇ ಮೈ ಜುಂ ಅಂತು.

ದುಡ್ಡಿನ ವಿಷಯ. 2 ಲಕ್ಷದ ಚೀಟಿ ಇತ್ತು. ನಾಲ್ಕನೇ ತಿಂಗಳೇ ನಲವತ್ತಾರು ಸಾವಿರ ಬಿಟ್ಟು ಕೂಗಿ ಎತ್ತಿದೆ. ಮನೆಯಲ್ಲಿ ಎರಡು ದಿನ ಮಾತಿಲ್ಲ. ಕೈಗೆ ಬಂದದ್ದು ಒಂದೂವರೆ ಲಕ್ಷದ ಆಸುಪಾಸು. ಆಷಾಢದಲ್ಲಿ ಮದುವೆ ಇರಲ್ಲ, ಕ್ಯಾಮೆರಾ ಲೈಟು ಎಲ್ಲ ನನ್ನವೇ ಖಾಲಿ ಕೂತಿರುತ್ತವೆ, ಹುಡುಗರೂ ಅರ್ಧ ಕೂಲಿಗೆ ಬರ್ತಾರೆ. ಅದೇ ಲೆಕ್ಕ ಹಾಕಿ ಇಳಿದೆ. ಆಷಾಢದಲ್ಲಿ ಗಾಳಿ ಇರುತ್ತೆ, ತಗಡಿನ ಶೀಟಿನ ಮೇಲೆ ಸೋನೆ ಮಳೆ ಬೀಳುತ್ತೆ ಅನ್ನೋದನ್ನ ಲೆಕ್ಕಕ್ಕೆ ಹಿಡಿಯಲಿಲ್ಲ. ಮೂರು ರಾತ್ರಿಯ ಮಾತು ಪೂರ್ತಿ ಡಬ್ ಮಾಡಬೇಕಾಯಿತು.

ಜಾಗ ಸಿಕ್ಕಿದ್ದು ಶಿಡ್ಲಘಟ್ಟ ತಾಲ್ಲೂಕಿನಲ್ಲಿ, ಜಂಗಮಕೋಟೆ ಕಡೆಯ ಒಂದು ಊರು. ಹುಳದ ಮನೆಗೆ ಹೊರಗಿನವರನ್ನ ಸುಲಭಕ್ಕೆ ಬಿಡಲ್ಲ, ಗೊತ್ತಲ್ಲ. ಯಜಮಾನರ ಮಗಳ ಮದುವೆ ವಿಡಿಯೋ ನಾನೇ ಮಾಡಿದ್ದೆ, ಬಾಕಿ ಎಂಟು ಸಾವಿರ ಹಾಗೇ ನಿಂತಿತ್ತು. ಅದನ್ನ ಬಿಟ್ಟುಕೊಟ್ಟೆ. ಆದರೂ ಅವರದ್ದು ಒಂದು ಕಂಡೀಷನ್. "ಬ್ಲೀಚಿಂಗ್ ಪೌಡರ್‌ನಲ್ಲಿ ಕಾಲಿಟ್ಟೇ ಒಳಗೆ ಬರಬೇಕು. ನೆಟ್ ಬಾಗಿಲು ಯಾವತ್ತೂ ತೆಗೆದಿಡಬಾರ್ದು. ಊಜಿ ನೊಣ ಒಂದು ಒಳಗೆ ಬಂದ್ರೆ ನಿನ್ನ ಪಿಕ್ಚರ್ ಅಲ್ಲೇ ಪ್ಯಾಕಪ್." ಊಜಿ ಅಂದರೆ ಹುಳದ ಮೈ ಮೇಲೆ ಮೊಟ್ಟೆ ಇಟ್ಟು ಅದನ್ನ ಸಾಯಿಸೋ ನೊಣ. ಹಗಲು ಕೇಬಲ್ ಎಳೆಯುವಾಗ ನಮ್ಮ ಹುಡುಗ ಒಂದು ಸಲ ನೆಟ್ಟಿಗೆ ಕಲ್ಲು ಒರಗಿಸಿಟ್ಟಿದ್ದ. ಅವತ್ತು ಬೈಸಿಕೊಂಡದ್ದು ಕ್ಯಾಮೆರಾದಲ್ಲಿ ರೆಕಾರ್ಡೂ ಆಗಿದೆ.

ಹುಳ ಸೊಪ್ಪು ತಿನ್ನೋ ಸದ್ದು ಕೇಳಿದ್ದೀರಾ? ನಾಲ್ಕೂ ಜ್ವರ ಮುಗಿಸಿದ ಐದನೇ ಹಂತದ ಹುಳಕ್ಕೆ ರಾತ್ರಿ ಸೊಪ್ಪು ಹಾಕಿ ಲೈಟ್ ಆರಿಸಿ ನಿಲ್ಲಿ. ಒಣಗಿದ ತರಗಿನ ಮೇಲೆ ತುಂತುರು ಬಿದ್ದ ಹಾಗೆ, ಎಲ್ಲಾ ಕಡೆಯಿಂದ, ಬಿಡುವೇ ಇಲ್ಲದೆ. ಹತ್ತು ನಿಮಿಷ ಆದ ಮೇಲೆ ಆ ಸದ್ದು ಇದೆ ಅನ್ನೋದೇ ಮರೆತುಹೋಗುತ್ತೆ. ಜ್ವರಕ್ಕೆ ಕೂತ ಹುಳದ ಮನೆ ಇದರ ಉಲ್ಟಾ. ಲಕ್ಷಗಟ್ಟಲೆ ಜೀವ ಇರೋ ಜಾಗ, ಉಸಿರಿನ ಸದ್ದೂ ಇಲ್ಲ. ಯಜಮಾನರ ತಾಯಿ ಒಳಗೆ ಬಂದಾಗ ತಾವೂ ಪಿಸುಗುಟ್ಟಿಯೇ ಮಾತಾಡೋರು. "ಜ್ವರದಲ್ಲಿರೋದನ್ನ ಮುಟ್ಟಬಾರ್ದಪ್ಪ, ಪೊರೆ ಸಿಕ್ಕಿಹಾಕ್ಕೊಂಡು ಸಾಯ್ತವೆ" ಅಂದರು. ಆ ಮಾತನ್ನ ಹಾಗೇ ಎತ್ತಿ ಪಿಕ್ಚರ್‌ನಲ್ಲಿ ಅತ್ತೆಯ ಬಾಯಲ್ಲಿ ಹಾಕಿದೆ. ಅಳಿಯ ಕೇಳಿಸಿಕೊಂಡು ಸುಮ್ನೆ ತಲೆ ಆಡಿಸುತ್ತಾನೆ.

ನನ್ನ ವಿಧಾನ ಇಷ್ಟೇ. ನಲವತ್ತು ನಿಮಿಷ ತಿನ್ನೋ ಸದ್ದು ಎಲ್ಲದರ ಕೆಳಗೆ ಓಡುತ್ತಿರಬೇಕು. ಸಂಗೀತ ಇಲ್ಲ, ಧಡ್ ಅನ್ನಿಸೋದು ಇಲ್ಲ. ಅವನು ಕೊನೇ ಸಲ ಗಂಟೆ ಅಲ್ಲಾಡಿಸಿದಾಗ ಆ ಸದ್ದು ನಿಲ್ಲಬೇಕು. ನಾಲ್ಕು ಸೆಕೆಂಡ್ ನಿಲ್ಲಿಸಿ ಮೊದಲ ಕಟ್ ಮಾಡಿದೆ. ಟ್ರಯಲ್ ಶೋನಲ್ಲಿ ಹಾಲ್ ಹುಡುಗ ಆಂಪ್ಲಿಫೈಯರ್ ಕಡೆ ಓಡಿದ, ವೈರ್ ಕಿತ್ತುಹೋಯಿತು ಅಂತ! ಎಲ್ಲರೂ ನಕ್ಕರು. ಗೆಳೆಯನ ಮುಖ ನೋಡಬೇಕಿತ್ತು. ತಪ್ಪು ಎಲ್ಲಿತ್ತು ಅಂದರೆ, ನಾನು ಪೂರ್ತಿ ಸೊನ್ನೆ ಮಾಡಿದ್ದೆ. ಆಮೇಲೆ ಜ್ವರದ ರಾತ್ರಿ ತೆಗೆದ ಖಾಲಿ ಕೋಣೆಯ ಸದ್ದನ್ನ ಅಡಿಯಲ್ಲಿ ತುಂಬಾ ಸಣ್ಣಗೆ ಬಿಟ್ಟೆ. ನಾಲ್ಕು ಸೆಕೆಂಡ್ ಇದ್ದದ್ದನ್ನ ಹನ್ನೊಂದು ಮಾಡಿದೆ. ಆಗ ಕೂತಿತು.

ಆ ಸದ್ದು ಹಿಡಿಯೋಕೆ ನಾಲ್ಕು ರಾತ್ರಿ ಹೋಯಿತು. ಮೈಕ್ ಮೇಲೆ ಇಟ್ಟರೆ ಫ್ಯಾನಿನ ಗುಂಯ್, ದೂರದ ಬೋರ್‌ವೆಲ್ ಮೋಟರ್. ಮೈಕನ್ನ ರ‍್ಯಾಕಿನ ಸೊಪ್ಪಿನ ಕಡ್ಡಿಗಳ ಅಡಿಗೆ ಇಟ್ಟೆ. ಅದಕ್ಕೆ ಏನು ಸುತ್ತಿದ್ದೆ ಅಂತ ಕೇಳಬೇಡಿ, ಹೇಳಲ್ಲ. ನಡುವೆ ಒಂದು ಹುಚ್ಚು: ಮನೆಯಲ್ಲೇ ಮಾಡೋಣ ಅಂತ ಕಡಲೆಪುರಿ, ಒಣ ಮಾವಿನೆಲೆ, ಒದ್ದೆ ನ್ಯೂಸ್‌ಪೇಪರ್ ಎಲ್ಲ ಹಿಸುಕಿ ರೆಕಾರ್ಡ್ ಮಾಡಿದೆ. ಕಡಲೆಪುರಿ ಕೇಳೋಕೆ ಯಾರೋ ಪುರಿ ತಿಂದ ಹಾಗೇ ಇತ್ತು. ಒದ್ದೆ ಪೇಪರ್ ಮಾತ್ರ ಪರವಾಗಿಲ್ಲ, ಗಂಡ ಹಲ್ಲು ಕಡಿಯೋ ಶಾಟ್‌ಗೆ ಬಳಸಿದೆ.

ಎರಡನೇ ರಾತ್ರಿ ಪೂರ್ತಿ ಹಾಳಾಯಿತು. ಹದಿನೈದು ವರ್ಷ ಸೆಕೆಂಡಿಗೆ 25 ಫ್ರೇಮಿಗೆ ಮದುವೆ ತೆಗೆದವನು, 'ಸಿನಿಮಾ ಅಂದ್ರೆ 24' ಅಂತ ಜಂಬಕ್ಕೆ ಬದಲಾಯಿಸಿದೆ, ಶಟರ್ 48. ಅಲ್ಲಿ ಇದ್ದದ್ದು ಟ್ಯೂಬ್‌ಲೈಟ್, ಅದರ ಮಿನುಗಿಗೆ ಈ ಲೆಕ್ಕ ಹೊಂದಲ್ಲ. ಚಿಕ್ಕ ಸ್ಕ್ರೀನಲ್ಲಿ ಕಾಣಲಿಲ್ಲ. ಮನೆಗೆ ಬಂದು ಹಾಕಿ ನೋಡಿದರೆ ಕಪ್ಪು ಪಟ್ಟಿಗಳು ನಿಧಾನಕ್ಕೆ ಮೇಲೆ ಹೋಗುತ್ತಿವೆ, ಹುಡುಗಿಯ ಮುಖದ ಮೇಲೇ. ಮಾರನೇ ದಿನ ಬಾಯಿ ಮುಚ್ಚಿಕೊಂಡು 25, 50ಕ್ಕೆ ವಾಪಸ್ ಬಂದೆ.

ಆದರೆ ಹೊಟ್ಟೆ ಉರಿದದ್ದು ಐದನೇ ರಾತ್ರಿ. ಜನರೇಟರ್ ಹುಡುಗನಿಗೆ ಸೊಳ್ಳೆ ಕಾಟ. ಪಕ್ಕದ ಜಗಲಿಯಲ್ಲಿ ಸೊಳ್ಳೆ ಬತ್ತಿ ಹಚ್ಚಿ ಮಲಗಿದ. ಗಾಳಿ ಕಿಟಕಿ ಕಡೆಗೇ ಇತ್ತು. ಬೆಳಗಿನ ಜಾವ ನೋಡಿದರೆ ಕಿಟಕಿ ಪಕ್ಕದ ರ‍್ಯಾಕಿನ ಹುಳಗಳು ತಲೆ ಆಡಿಸುತ್ತಾ, ಮೈ ತಿರುಚುತ್ತಾ, ಹಸಿರು ನೀರು ಕಕ್ಕುತ್ತಿವೆ. ಅವು ಇನ್ನು ಮೂರು ದಿನಕ್ಕೆ ಹಣ್ಣಾಗಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟೋ ತಟ್ಟೆಗೆ, ಏರಬೇಕಿದ್ದ ಹುಳ. ಸುಮಾರು ಐವತ್ತು ಮೊಟ್ಟೆಯ ಹುಳ ಹೋಯಿತು (ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆಗಳನ್ನ ಸೇರಿಸಿ ಒಂದು ಮೊಟ್ಟೆ ಅಂತಾರೆ). ಮೂವತ್ತೈದು ಕೆಜಿ ಗೂಡು ಅಂತ ಇಟ್ಟುಕೊಂಡು, ಅವತ್ತಿನ ಮಾರುಕಟ್ಟೆ ರೇಟಿಗೆ ಹದಿನಾರು ಸಾವಿರ ಎಣಿಸಿ ಕೊಟ್ಟೆ. ಯಜಮಾನರು ಬೈಯಲಿಲ್ಲ. ಸತ್ತ ಹುಳಗಳನ್ನ ಗೊಬ್ಬರದ ಗುಂಡಿಗೆ ಸುರಿದು ಸುಣ್ಣ ಹಾಕಿ, "ಟೀ ಕುಡೀತೀಯಾ?" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಇಷ್ಟರ ನಡುವೆ ನನಗೊಂದು ಅನುಮಾನ ಶುರುವಾಯಿತು. ನಾನೂ ನಿದ್ದೆಯಲ್ಲಿ ಏಳ್ತೀನಾ? ಸುಮಾರು 2,200 ಕೊಟ್ಟು ಒಂದು ವೈಫೈ ಸಿಸಿಟಿವಿ ತಂದು ಮಲಗೋ ಕೋಣೆಯಲ್ಲಿ ಹಾಕಿದೆ. ಹನ್ನೊಂದು ರಾತ್ರಿ ರೆಕಾರ್ಡ್ ಮಾಡಿದೆ. ಬೆಳಗ್ಗೆ ಎದ್ದ ತಕ್ಷಣ ಕಾಫಿ ಬಿಟ್ಟು ಅದನ್ನೇ ನೋಡೋದು. ಗೊರಕೆ ಬಿಟ್ಟರೆ ಏನೂ ಇಲ್ಲ. ಹನ್ನೆರಡನೇ ದಿನ ಹೆಂಡತಿ ಅದನ್ನ ಕಿತ್ತು ಕೈಗೆ ಕೊಟ್ಟಳು. "ನಿಮ್ಮ ಪಿಕ್ಚರ್‌ನ ಗಂಡನಿಗೂ ನಿಮಗೂ ಏನು ವ್ಯತ್ಯಾಸ?" ಅಂತ ಕೇಳಿದಳು. ಉತ್ತರ ಹೊಳೀಲಿಲ್ಲ. ಆ ಡೈಲಾಗ್ ಕೂಡ ಪಿಕ್ಚರ್‌ನಲ್ಲಿದೆ, ಸ್ವಲ್ಪ ಬದಲಾಯಿಸಿ.

ಆದರೆ ಆ ಸಿಸಿಟಿವಿ ದುಡ್ಡು ಹುಟ್ಟಿಸಿತು. ಕತ್ತಲಲ್ಲಿ ಅದರ ಇನ್‌ಫ್ರಾರೆಡ್ ಬೆಳಕಿಗೆ ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತೆ. ಮೇಕಪ್ಪೇ ಬೇಡ. ಎಂಬತ್ತು ಸಾವಿರದ ಕ್ಯಾಮೆರಾ ಪಕ್ಕಕ್ಕಿಟ್ಟು ಕೊನೇ ಸೀನ್ ಪೂರ್ತಿ ಅದರಲ್ಲೇ ತೆಗೆದೆ. ಹುಡುಗಿ ರ‍್ಯಾಕುಗಳ ನಡುವೆ ನಡೆದು ಬಂದು ನಿಲ್ಲುತ್ತಾಳೆ. ಸುಮಾರು ಎಪ್ಪತ್ತು ಸೆಕೆಂಡ್ ಶಾಟ್, ಒಂದೇ ಟೇಕ್, ರೆಪ್ಪೆ ಬಡಿಯಲ್ಲ. ಅದು ಹೇಗೆ ಅಂತ ಚಿಕ್ಕಬಳ್ಳಾಪುರದ ಇಬ್ಬರು ಫೋನ್ ಮಾಡಿ ಕೇಳಿದ್ದಾರೆ. ಕಣ್ಣಿನ ಡ್ರಾಪ್ಸ್ ಅಲ್ಲ, ಗ್ರಾಫಿಕ್ಸೂ ಅಲ್ಲ. ಇಷ್ಟೇ ಹೇಳೋದು. ಮುಂದಿನ ಪಿಕ್ಚರ್‌ಗೂ ನನಗದು ಬೇಕು.

ಒಟ್ಟು ಖರ್ಚು 1,70,000 ದಾಟಿತು. ಶಿಡ್ಲಘಟ್ಟ, ಚಿಂತಾಮಣಿ ಸೇರಿ ಐದು ಶೋ, ಟಿಕೆಟ್ 60 ರೂಪಾಯಿ. ಸಾವಿರದ ಮೇಲೆ ಜನ ಬಂದರು. ಹಾಲ್ ಬಾಡಿಗೆ ಕಳೆದು ನಲವತ್ತೈದು ಸಾವಿರ ಉಳಿಯಿತು. ಮಿಕ್ಕಿದ್ದು ಒಂದು ಆಪ್‌ನವರು ಕೊಂಡದ್ದರಿಂದ ಬಂತು. ಚೀಟಿ ಕಂತು ಕಟ್ಟುತ್ತಿದ್ದೇನೆ, ಕೈಯಲ್ಲಿ ಹತ್ತು ಸಾವಿರ ಚಿಲ್ಲರೆ ಇದೆ. ನಷ್ಟ ಇಲ್ಲ ಅನ್ನೋದೇ ನಮ್ಮ ಲೈನಿನಲ್ಲಿ ಸೂಪರ್ ಹಿಟ್.

ಶಿಡ್ಲಘಟ್ಟದ ಶೋಗೆ ಯಜಮಾನರನ್ನ ಕರೆದು ಮುಂದಿನ ಸಾಲಲ್ಲಿ ಕೂರಿಸಿದ್ದೆ. ಹನ್ನೊಂದು ಸೆಕೆಂಡಿನ ಜಾಗ ಬಂತು. ಹಾಲ್ ಪೂರ್ತಿ ಕಲ್ಲಾಯಿತು. ಹಿಂದೆ ಎಲ್ಲೋ ಒಂದು ಮಗು ಅಳೋಕೆ ಬಾಯಿ ತೆಗೆದು ಅಲ್ಲೇ ನಿಲ್ಲಿಸಿತು. ಪಿಕ್ಚರ್ ಮುಗಿದ ಮೇಲೆ ನಾನು ಓಡಿಹೋಗಿ ಅವರ ಪಕ್ಕ ಕೂತೆ. ಏನಾದರೂ ಹೇಳ್ತಾರೆ ಅಂತ ಕಾದೆ. ಅವರು ತುಂಬಾ ಹೊತ್ತು ಯೋಚನೆ ಮಾಡಿ, ನನ್ನ ಕಡೆ ಬಾಗಿ, ಮೆಲ್ಲಗೆ ಕೇಳಿದರು.

"ಆ ಹುಡುಗಿ ನಡ್ಕೊಂಡು ಬರ್ತಾಳಲ್ಲ, ಆಗ ನೆಟ್ ಬಾಗಿಲು ತೆಗೆದೇ ಇತ್ತಲ್ಲಪ್ಪ?"