ಗ್ಯಾರೇಜಿನ ಗಾಳಿ: ಮೂಗಿಗೆ ಸಿಗದ ವಿಷದಿಂದ ಪಾರಾಗುವುದು ಹೇಗೆ

ಥಿನ್ನರ್ ವಾಸನೆ ಬಂದರೆ ಯಾರಾದರೂ ಎದ್ದು ಬಾಗಿಲು ತೆರೆಯುತ್ತಾರೆ. ಆದರೆ ಗ್ಯಾರೇಜಿನ ಎರಡು ದೊಡ್ಡ ವಿಷಗಳು ಮೂಗಿಗೆ ಸಮಯಕ್ಕೆ ಸುಳಿವೇ ಕೊಡುವುದಿಲ್ಲ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಎರಡು ದ್ರವ ಬೆರೆಸಿ ಹೊಡೆಯುವ 2ಕೆ ಪೇಂಟನ್ನು ಗಟ್ಟಿಗೊಳಿಸುವ ಹಾರ್ಡನರ್‌ನಲ್ಲಿರುವ ಐಸೊಸೈನೇಟ್ ಮೂಗಿಗೆ ಹೊಡೆಯುವಷ್ಟರಲ್ಲಿ ಸುರಕ್ಷಿತ ಮಿತಿ ಎಂದೋ ದಾಟಿರುತ್ತದೆ.

ಪೇಂಟ್ ಕೆಲಸವನ್ನೇ ಮೊದಲು ಸರಿಪಡಿಸಿ. ಶ್ವಾಸಕೋಶಕ್ಕೆ ಐಸೊಸೈನೇಟ್ ಒಮ್ಮೆ ಅಲರ್ಜಿಯಾಯಿತೆಂದರೆ, ಆಮೇಲೆ ಚೂರು ತಾಗಿದರೂ ಅಸ್ತಮಾ ಕೆರಳುತ್ತದೆ. ಪೇಂಟರ್ ಕಸುಬನ್ನೇ ಬಿಡಬೇಕಾಗಬಹುದು. ಗಾಳಿ ಸೋಸುವ ಡಬ್ಬಿಯಿರುವ ಕಾರ್ಟ್ರಿಡ್ಜ್ ಮಾಸ್ಕ್ ಇಲ್ಲಿ ಸಾಲದು, ಏಕೆಂದರೆ ಕಾರ್ಟ್ರಿಡ್ಜ್ ತುಂಬಿ ವಿಷ ಒಳಗೆ ಬರತೊಡಗಿದರೂ ಹಾಕಿಕೊಂಡವರಿಗೆ ತಿಳಿಯುವುದಿಲ್ಲ. ಪೈಪಿನಿಂದ ಗಾಳಿ ಬರುವ ಏರ್-ಫೆಡ್ ಮಾಸ್ಕೇ ಬೇಕು. ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಸೈಲೆನ್ಸರ್ ಹೊಗೆಯ ಹತ್ತಿರ ಗಾಳಿ ಎಳೆಯಬಾರದು. ಲೈನಿನಲ್ಲಿ ಉಸಿರಾಟದ ಗಾಳಿಗೆಂದೇ ಇರುವ ಫಿಲ್ಟರ್ ಇರಬೇಕು.

ಹೆಚ್ಚಿನವರು ತಪ್ಪುವುದು ಸ್ಪ್ರೇ ಗನ್ ಕೆಳಗಿಟ್ಟ ಮೇಲೆ. ಕೊನೆಯ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಮುಗಿಯಿತು, ಹೊಳಪು ನೋಡೋಣವೆಂದು ಮುಖಗವಸು ಮೇಲೆತ್ತುತ್ತಾರೆ. ಕಣ್ಣಿಗೆ ಕಾಣದ ಸಣ್ಣ ಹನಿಗಳು ಆಗಲೂ ಗಾಳಿಯಲ್ಲಿ ತೇಲುತ್ತಿರುತ್ತವೆ. ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಅಳೆದೇ ತಿಳಿಯಬೇಕು: ಫ್ಯಾನ್ ನಿಲ್ಲಿಸಿ ಪೇಂಟ್ ಹೊಡೆಯುವ ಬೂತಿನ ತುಂಬ ಸ್ಮೋಕ್ ಮಷಿನ್ ಹೊಗೆ ಬಿಡಿ, ಫ್ಯಾನ್ ಹಾಕಿ, ಪ್ರಖರ ಬೆಳಕಿನಲ್ಲಿ ಹೊಗೆ ಪೂರ್ತಿ ಮಾಯವಾಗುವವರೆಗಿನ ಸಮಯ ಗುರುತಿಸಿ. ಆ ನಿಮಿಷಗಳನ್ನು ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಅಷ್ಟು ಹೊತ್ತು ಫ್ಯಾನ್ ಓಡುತ್ತಲೇ ಇರಲಿ, ಮುಖಗವಸು ಏಳಬಾರದು, ಮಾಸ್ಕ್ ಇಲ್ಲದವರು ಒಳಗೆ ಬರಬಾರದು. ಗನ್ ತೊಳೆದು ಥಿನ್ನರ್ ಊದಿ ತೆಗೆಯುವಾಗಲೂ ಇದೇ ಮಂಜು ಏಳುತ್ತದೆ. ಮುಚ್ಚಿದ ಗನ್ ವಾಷರ್ ಬಳಸಿ.

ಎಂಜಿನ್ ಹೊಗೆಗೆ ಶಟರ್ ತೆರೆದಿಟ್ಟರೆ ಸಾಲದು. ತಣ್ಣಗಿರುವ ಎಂಜಿನ್ ಶುರುವಾದಾಗ ಇಂಧನ ಹೆಚ್ಚು ಹೋಗುತ್ತದೆ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇನ್ನೂ ಕಾದಿರುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಬರುವುದೇ ಆಗ. ಕೀ ತಿರುಗಿಸುವ ಮೊದಲೇ ಸೈಲೆನ್ಸರ್ ಬಾಯಿಗೆ ಎಕ್ಸಾಸ್ಟ್ ಹೋಸ್ ಸಿಕ್ಕಿಸಿ, ಹೊಗೆಯನ್ನು ಫ್ಯಾನಿನಿಂದ ಹೊರಗೆ, ಕಿಟಕಿಗಳಿಂದ ದೂರಕ್ಕೆ ಬಿಡಿ. ಉಸಿರಾಟದ ಎತ್ತರದಲ್ಲಿ ಈ ಅನಿಲದ ಮೀಟರ್ ಇಟ್ಟು, ಮೊದಲ ಅಲಾರಂ 35 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 35 ಭಾಗ) ಹೊಂದಿಸಿ. 200 ಪಿಪಿಎಂ ಮುಟ್ಟಿದರೆ ಎಲ್ಲರೂ ತಕ್ಷಣ ಹೊರಗೆ. ತಲೆನೋವು, ತಲೆಸುತ್ತು ಶುರುವಾದರೆ ಮೀಟರ್ ಏನೇ ತೋರಿಸಲಿ, ಹೊರಗೆ ಬನ್ನಿ. ಪೇಂಟ್ ಮಾಸ್ಕಿನ ಕಾರ್ಟ್ರಿಡ್ಜ್ ಈ ಅನಿಲವನ್ನು ತಡೆಯುವುದೇ ಇಲ್ಲ. ಡೀಸೆಲ್ ಹೊಗೆಯನ್ನಂತೂ 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದೆಂದು ಪಟ್ಟಿ ಮಾಡಿದೆ.

ಬ್ರೇಕ್ ಡ್ರಮ್ ಬಿಚ್ಚಿದಾಗ ಏರ್ ಗನ್ನಿಗೆ ಕೈ ಹಾಕಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿ ನಾರಾದ ಆಸ್ಬೆಸ್ಟಾಸ್ ಇರಬಹುದು, ನೋಡಿದರೆ ಗೊತ್ತಾಗುವುದಿಲ್ಲ. ಕೆಳಗೆ ಟ್ರೇ ಇಟ್ಟು, ಸೋಪಿನ ನೀರಿನಿಂದ ಮೆಲ್ಲಗೆ ನೆನೆಸಿ, ಬಟ್ಟೆಯಿಂದ ಒರೆಸಿ. ಬಟ್ಟೆ ಒಣಗುವ ಮೊದಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿ.

ಬ್ರೇಕ್ ಕ್ಲೀನರ್ ಡಬ್ಬಿಯ ಮೇಲೆ ಟೆಟ್ರಾಕ್ಲೋರೊಎಥಿಲೀನ್ ಎಂದಿದ್ದರೆ ಆ ಜಾಗದ ಹತ್ತಿರ ವೆಲ್ಡಿಂಗ್ ಬೇಡ. ಆರ್ಕಿನ ಶಾಖದಲ್ಲಿ ಅದರ ಆವಿ ಒಡೆದು ಫಾಸ್ಜೀನ್ ಎಂಬ ವಿಷಾನಿಲ ಆಗಬಹುದು, ಉಸಿರಾಟದ ತೊಂದರೆ ಗಂಟೆಗಟ್ಟಲೆ ತಡವಾಗಿ ಕಾಣಿಸಿಕೊಳ್ಳಬಹುದು. ಹೆಕ್ಸೇನ್ ಇರುವ ಕ್ಲೀನರನ್ನೂ ಬಳಸಬೇಡಿ. ದಿನವೂ ಉಸಿರಾಡಿದರೆ ಕೈಕಾಲಿನ ನರಗಳು ಕೆಟ್ಟು ಜೋಮು ಹಿಡಿಯಬಹುದು.

ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಸರ್ವಿಸ್ ಪಿಟ್ಟಿನ ತಳದಿಂದಲೇ ಅದನ್ನು ಎಳೆಯಬೇಕು, ಕಿಡಿ ಹಾರದ ಮೋಟಾರಿನಿಂದ.

ಉಜ್ಜುವ ಕೆಲಸಕ್ಕೆ ಧೂಳಿನ ಫಿಲ್ಟರ್ ಸೇರಿಸಿದ, ಥಿನ್ನರ್ ಒರೆಸುವುದಕ್ಕೆ ಸಾದಾ ಕಾರ್ಟ್ರಿಡ್ಜ್ ಮಾಸ್ಕ್ ನಡೆಯುತ್ತದೆ. ಗಡ್ಡವಿದ್ದರೆ ಅಂಚು ಕೂರುವುದಿಲ್ಲ. ಕೆಲಸ ಮುಗಿದೊಡನೆ ಮುಚ್ಚಿದ ಡಬ್ಬಿಯಲ್ಲಿಡಿ. ಮೊಳೆಗೆ ನೇತುಹಾಕಿದರೆ ಕಾರ್ಟ್ರಿಡ್ಜ್ ರಾತ್ರಿಯಿಡೀ ಗ್ಯಾರೇಜಿನ ಆವಿ ಹೀರುತ್ತಲೇ ಇರುತ್ತದೆ.