ಒಂಟಿ ಪಿಯಾನೊದ ಜಾಝ್ ಆಲ್ಬಂ: ಆಲಿಸುವ ಬಗೆ

ಡ್ರಮ್ಸ್, ಬಾಸ್, ಗಾಯನ ಯಾವುದೂ ಇಲ್ಲದೆ ಒಬ್ಬರೇ ಪಿಯಾನೊದಲ್ಲಿ ಹಳೆಯ ಜನಪ್ರಿಯ ಹಾಡುಗಳನ್ನು ನುಡಿಸಿದ ಜಾಝ್ ಆಲ್ಬಂ ಮೊದಲ ಸಲ ಕೇಳಿದವರಿಗೆ ಹಿಡಿತಕ್ಕೆ ಸಿಗದೆ ಹರಿದುಹೋಗುವುದು ಸಹಜ. ಮೂಲ ಹಾಡು ತಿಳಿಯದಿರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಜಾಝ್ ವಾದಕರು 'ಸ್ಟ್ಯಾಂಡರ್ಡ್' ಎಂದು ಕರೆಯುವ ಈ ಹಾಡುಗಳಲ್ಲಿ ಹೆಚ್ಚಿನವು 1920ರಿಂದ 1950ರವರೆಗಿನ ಅಮೆರಿಕದ ಸಂಗೀತ ನಾಟಕಗಳಿಗಾಗಿ ಮತ್ತು ಚಲನಚಿತ್ರಗಳಿಗಾಗಿ ರಚನೆಯಾದವು. ಕೇಳುಗರಿಗೆ ಅವು ಬಾಯಿಪಾಠವಾಗಿವೆ ಎಂಬ ನಂಬಿಕೆಯಿಂದಲೇ ವಾದಕರು ಅವನ್ನು ಮುರಿದು ಕಟ್ಟುತ್ತಾರೆ.

ಆದ್ದರಿಂದ ಆಲ್ಬಂನಿಂದ ಒಂದೇ ಒಂದು ಹಾಡನ್ನು ಆರಿಸಿಕೊಂಡು, ಅದನ್ನು ಯಾರಾದರೂ ಸರಳವಾಗಿ ಹಾಡಿರುವ ಧ್ವನಿಮುದ್ರಣವನ್ನು ಮೊದಲು ಹುಡುಕಿ. ತಾವೇ ಗುನುಗುವಷ್ಟು ಪರಿಚಯವಾಗುವ ತನಕ ಅದನ್ನು ಕೇಳಿ. ಸಾಹಿತ್ಯವನ್ನೂ ಓದಿಕೊಳ್ಳಿ, ಏಕೆಂದರೆ ಒಳ್ಳೆಯ ವಾದಕರು ಪದಗಳ ಉಸಿರಿಗೆ ತಕ್ಕಂತೆ ಸಾಲುಗಳನ್ನು ನಿಲ್ಲಿಸುತ್ತಾರೆ.

ಅನಂತರ ಹಾಡಿನ ಆಕಾರವನ್ನು ಎಣಿಸಬೇಕು. 1930ರ 'ಬಾಡಿ ಅಂಡ್ ಸೋಲ್' ಇದಕ್ಕೆ ಒಳ್ಳೆಯ ಪಾಠ. ನಾಲ್ಕು ಮಾತ್ರೆಗಳಿಗೆ ಒಂದು ಬಾರ್‌ನಂತೆ ಅದರಲ್ಲಿ 32 ಬಾರ್‌ಗಳಿವೆ. ಎಂಟು ಬಾರ್‌ಗಳ ಒಂದು ಧಾಟಿ ಎರಡು ಸಲ ಬರುತ್ತದೆ. ಆಮೇಲೆ 'ಬ್ರಿಜ್' ಎನ್ನುವ ಬೇರೊಂದು ಎಂಟು ಬಾರ್. ಕೊನೆಗೆ ಮೊದಲ ಧಾಟಿ ಮತ್ತೆ. ಈ ಹಾಡಿನ ಬ್ರಿಜ್ ಇದ್ದಕ್ಕಿದ್ದಂತೆ ಅರ್ಧ ಸ್ವರ ಮೇಲಿನ ಶ್ರುತಿಗೆ ಏರುವುದರಿಂದ, ಎಣಿಕೆ ತಪ್ಪಿದವರಿಗೂ ಆ ಜಾಗ ಗುರುತು ಸಿಗುತ್ತದೆ. ಇಂಥ ಒಂದು ಪೂರ್ಣ ಸುತ್ತಿಗೆ 'ಕೋರಸ್' ಎನ್ನುತ್ತಾರೆ. ಮೊದಲ ಕೋರಸ್‌ನಲ್ಲಿ ಸಾಮಾನ್ಯವಾಗಿ ಧಾಟಿ ಸ್ಪಷ್ಟವಾಗಿ ಕೇಳಿಸುತ್ತದೆ; ಮುಂದಿನ ಸುತ್ತುಗಳಲ್ಲಿ ಅದು ಮರೆಯಾದರೂ 32 ಬಾರ್‌ಗಳ ಚೌಕಟ್ಟು ಕೆಳಗೆ ಉಳಿದಿರುತ್ತದೆ. ಬೆರಳೆಣಿಸುತ್ತಾ ಬ್ರಿಜ್ ಬಂದಾಗಲೆಲ್ಲ ಗುರುತಿಸಲು ಸಾಧ್ಯವಾದರೆ ಅರ್ಧ ದಾರಿ ಸಾಗಿದಂತೆ. ಎಷ್ಟೋ ವಾದಕರು ಪೀಠಿಕೆಯನ್ನು, ಕೆಲವೊಮ್ಮೆ ಇಡೀ ಮೊದಲ ಕೋರಸ್ಸನ್ನು, ಲಯದ ಕಟ್ಟಿಲ್ಲದೆ ನುಡಿಸುತ್ತಾರೆ. ಅಲ್ಲಿ ಎಣಿಸಲು ಹೋಗದೆ ಧಾಟಿಯನ್ನಷ್ಟೇ ಹಿಂಬಾಲಿಸಿ.

ಇನ್ನು ಎಡಗೈ. ಏಕವಾದನದ ಜೀವ ಇರುವುದು ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಬಾಸ್ ಮತ್ತು ಡ್ರಮ್ಸ್ ಮಾಡಬೇಕಾದ ಕೆಲಸವೆಲ್ಲ ಈ ಒಂದು ಕೈಯ ಮೇಲೆ ಬಿದ್ದಿರುತ್ತದೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಜೇಮ್ಸ್ ಪಿ. ಜಾನ್ಸನ್, ಫ್ಯಾಟ್ಸ್ ವಾಲರ್ ಮುಂತಾದವರು ಬೆಳೆಸಿದ 'ಸ್ಟ್ರೈಡ್' ಶೈಲಿಯಲ್ಲಿ ಎಡಗೈ ಒಂದನೆಯ ಮತ್ತು ಮೂರನೆಯ ಮಾತ್ರೆಗೆ ತಗ್ಗಿನ ಸ್ವರವನ್ನೊತ್ತಿ, ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗೆ ಪಿಯಾನೊದ ನಡುಭಾಗಕ್ಕೆ ನೆಗೆದು 'ಕಾರ್ಡ್', ಅಂದರೆ ಒಟ್ಟಿಗೆ ಒತ್ತುವ ಹಲವು ಸ್ವರಗಳ ಗುಚ್ಛ, ನುಡಿಸುತ್ತದೆ. ಹೆಚ್ಚುಕಡಿಮೆ ದೃಷ್ಟಿಯಿಲ್ಲದಿದ್ದ ಆರ್ಟ್ ಟೇಟಮ್ ಈ ನೆಗೆತವನ್ನು ಬೆರಗಾಗುವ ವೇಗದಲ್ಲಿ ನಡೆಸುತ್ತಲೇ, ಮೂಲ ಕಾರ್ಡ್‌ಗಳ ಜಾಗದಲ್ಲಿ ಬೇರೆ ಕಾರ್ಡ್‌ಗಳನ್ನು ಕೂರಿಸುತ್ತಿದ್ದರು. ನಿರ್ಮಾಪಕ ನಾರ್ಮನ್ ಗ್ರಾಂಝ್ ಅವರಿಗಾಗಿ 1953ರ ಡಿಸೆಂಬರ್‌ನಿಂದ ಅವರು ಧ್ವನಿಮುದ್ರಿಸಿದ ನೂರಕ್ಕೂ ಹೆಚ್ಚು ಏಕವಾದನಗಳು ಇಂದಿಗೂ ಈ ಕಲೆಯ ಅಳತೆಗೋಲು. ಅವರನ್ನು ಕೇಳುವಾಗ ಬಲಗೈಯ ಮಿಂಚಿಗೆ ಮನಸೋಲುವುದು ಸುಲಭ. ಆದರೂ ಒಂದು ಸಲ ಪೂರ್ತಿಯಾಗಿ ಎಡಗೈಯನ್ನು ಮಾತ್ರ ಆಲಿಸಿ, ಅದು ಯಾವ ಕ್ಷಣದಲ್ಲಿ ನೆಗೆತ ನಿಲ್ಲಿಸಿ ಸುಮ್ಮನಾಗುತ್ತದೆ ಎಂದು ಗಮನಿಸಿ. ಎಡಗೈ ಸುಮ್ಮನಾದಾಗಲೂ ಲಯ ನಮ್ಮೊಳಗೆ ಮುಂದುವರಿಯುತ್ತಿದ್ದರೆ ಅದು ವಾದಕರ ದೊಡ್ಡ ಸಾಧನೆ.

ಟೇಟಮ್ ಅವರ ಬೆನ್ನಿಗೇ ಥೆಲೋನಿಯಸ್ ಮಂಕ್ ಅವರನ್ನು ಕೇಳುವುದು ಒಳ್ಳೆಯದು. 1957ರಲ್ಲಿ ಧ್ವನಿಮುದ್ರಿಸಿದ 'ಥೆಲೋನಿಯಸ್ ಹಿಮ್‌ಸೆಲ್ಫ್' ಆಲ್ಬಂನಲ್ಲಿ ಅವರು ಹಾಡನ್ನು ನಿಧಾನಕ್ಕೆ ಬಿಡಿಸುತ್ತಾರೆ. ಒಂದು ಕಾರ್ಡನ್ನು ಒತ್ತಿ, ಅದು ಆರುತ್ತಾ ಹೋಗುವುದನ್ನು ತಾವೂ ಕೇಳುತ್ತಿರುವಂತೆ ಕಾಯುತ್ತಾರೆ. ಇಲ್ಲಿ ಸ್ವರಗಳಷ್ಟೇ ಗಮನವನ್ನು ಸ್ವರಗಳ ನಡುವಿನ ಮೌನಕ್ಕೂ ಕೊಡಬೇಕು. ಹಿನ್ನೆಲೆಯಲ್ಲಿ ಹಾಕಿಕೊಂಡು ಬೇರೆ ಕೆಲಸ ಮಾಡುವವರಿಗೆ ಈ ಆಲ್ಬಂ ಏನನ್ನೂ ಬಿಟ್ಟುಕೊಡುವುದಿಲ್ಲ.

ಒಂದು ಬೈಠಕ್ಕಿಗೆ ಎರಡು ಹಾಡು ಸಾಕು. ಒಂದೇ ವಾದ್ಯದ ಧ್ವನಿಗೆ ಕಿವಿ ಬೇಗ ದಣಿಯುತ್ತದೆ, ದಣಿದ ಕಿವಿಗೆ ಎಲ್ಲ ಹಾಡುಗಳೂ ಒಂದೇ ಥರ ಕೇಳಿಸುತ್ತವೆ. ಹಾಡುಗಳೆಲ್ಲ ಬಿಡಿಬಿಡಿಯಾಗಿ ಪರಿಚಯವಾದ ಮೇಲೆ ಆಲ್ಬಂ ಅನ್ನು ಮೊದಲಿನಿಂದ ಕೊನೆಯವರೆಗೆ, ಅದೇ ಕ್ರಮದಲ್ಲಿ ಕೇಳಿ.

ಕೀತ್ ಜ್ಯಾರೆಟ್ ಅವರ 'ದಿ ಮೆಲೊಡಿ ಅಟ್ ನೈಟ್, ವಿತ್ ಯು' ಆಲ್ಬಂ ಅನ್ನು ಕೊನೆಗೆ ಇಟ್ಟುಕೊಳ್ಳಿ. ದೀರ್ಘಕಾಲದ ಆಯಾಸದ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ ಮನೆಯಲ್ಲೇ ಧ್ವನಿಮುದ್ರಿಸಿದ, 1999ರಲ್ಲಿ ಬಿಡುಗಡೆಯಾದ ಈ ಆಲ್ಬಂನಲ್ಲಿ ಅವರು ಧಾಟಿಯನ್ನು ಬಿಟ್ಟು ದೂರ ಹೋಗುವುದೇ ಕಡಿಮೆ. ಮೇಲಿನ ಅಭ್ಯಾಸವೆಲ್ಲ ಆದ ಮೇಲೆ ಇದನ್ನು ಕೇಳುವಾಗ, ಪ್ರತಿ ಸಾಲಿನ ಕೊನೆಯ ಸ್ವರವನ್ನು ಅವರು ಎಷ್ಟು ಹೊತ್ತು ಹಿಡಿದು ಯಾವಾಗ ಬಿಡುತ್ತಾರೆ ಎಂಬುದೊಂದನ್ನೇ ಗಮನಿಸಿ.